ಆರು ವಾರದ ಸರ್ಟಿಫಿಕೇಟು

ಫೈಜಲ್ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಲು ಮುಖ್ಯ ಕಾರಣ ಬಸ್ಸು. ಯಲ್ಲಾಪುರದಿಂದ ಶಿರಸಿಗೆ ಹೋಗುವ ದಾರಿಯಲ್ಲಿ, ಮಂಚಿಕೇರಿ ದಾಟಿದ ಮೇಲೆ, ಒಂದು ಗುಡ್ಡವನ್ನು ಸಪಾಟು ಮಾಡಿ ಹೊಸ ವಿಶ್ವವಿದ್ಯಾಲಯ ಕಟ್ಟಿದ್ದರು. ಬೆಳಿಗ್ಗೆ ಎಂಟೂಕಾಲರ ಬಸ್ಸು ಅದರ ಗೇಟಿನ ಮುಂದೆಯೇ ಇಳಿಸುತ್ತಿತ್ತು. ಸಂಜೆ ಅಲ್ಲಿಂದಲೇ ಹತ್ತಿಸಿಕೊಂಡು ಬಂದು ಹುಡುಗನನ್ನು ತಾಯಿ ಮೈಮೂನಾಳ ಕೈಗೆ ಒಪ್ಪಿಸುತ್ತಿತ್ತು. ಹುಬ್ಬಳ್ಳಿಗೆ ಕಳಿಸಿದರೆ ಮಗ ಹಾಸ್ಟೆಲಿನ ನೀರು ಸಾರು ಕುಡಿದು ಒಣಗಿಹೋಗುತ್ತಾನೆ ಎಂಬುದು ಅವಳ ವಾದ. ಆ ವರ್ಷ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೀಟುಗಳೆಲ್ಲ ತುಂಬಿ ಮೆಕ್ಯಾನಿಕಲ್ ಮಾತ್ರ ಧಾರಾಳವಾಗಿ ಉಳಿದಿತ್ತು. ಹೀಗೆ ಬಸ್ಸು, ಸಾರು ಮತ್ತು ಖಾಲಿ ಸೀಟು ಮೂರೂ ಕೂಡಿ ಅವನ ಭವಿಷ್ಯವನ್ನು ತೀರ್ಮಾನಿಸಿದವು.

ಅಪ್ಪ ಅಖ್ತರ್ ಮಿಸ್ತ್ರಿಯದು ಅಂಕೋಲಾ ರಸ್ತೆಯಲ್ಲಿ ಲಾರಿ ಬ್ರೇಕಿನ ಗ್ಯಾರೇಜು. ಮಗ ನಾಲ್ಕು ವರ್ಷ ಯಂತ್ರಶಾಸ್ತ್ರ ಓದಿದರೂ ಮಿಸ್ತ್ರಿ ಒಂದು ದಿನವೂ ಅವನನ್ನು ಗ್ಯಾರೇಜಿಗೆ ಕರೆಯಲಿಲ್ಲ. ಓದುವ ಹುಡುಗನ ಬಟ್ಟೆಗೆ ಗ್ರೀಸು ಹತ್ತಬಾರದು ಎಂದು ಅವರು, ಅಪ್ಪನ ಕೆಲಸಕ್ಕೆ ಅಡ್ಡಿಯಾಗಬಾರದು ಎಂದು ಇವನು, ಹೀಗೆ ಪರಸ್ಪರ ಗೌರವದಿಂದ ದೂರವೇ ಉಳಿದಿದ್ದರು. ಬ್ರೇಕು ಹಾಕಿದಾಗ ಡ್ರಮ್ಮಿನಲ್ಲಿ ಎಷ್ಟು ಶಾಖ ಹುಟ್ಟುತ್ತದೆ ಎಂದು ಫೈಜಲ್ ಎರಡು ಪುಟ ಲೆಕ್ಕ ಮಾಡಿ ತೋರಿಸಬಲ್ಲ. ಆ ಡ್ರಮ್ಮನ್ನು ಬಿಚ್ಚುವಾಗ ನಟ್ಟು ಯಾವ ಕಡೆ ತಿರುಗಿಸಬೇಕು ಎನ್ನುವುದು ಮಾತ್ರ ಪಠ್ಯದಲ್ಲಿ ಇರಲಿಲ್ಲ.

ಕೊನೆಯ ಸೆಮಿಸ್ಟರಿನಲ್ಲಿ ಒಂದು ನಿಯಮ ಬಂತು. ಪ್ರತಿ ವಿದ್ಯಾರ್ಥಿಯೂ ಯಾವುದಾದರೊಂದು ಕೈಗಾರಿಕೆಯಲ್ಲಿ ಆರು ವಾರ ಇಂಟರ್ನ್‌ಶಿಪ್ ಮಾಡಬೇಕು. ಅಲ್ಲಿಯ ಮುಖ್ಯಸ್ಥರ ಸಹಿ ಇರುವ ಸರ್ಟಿಫಿಕೇಟು ತರದಿದ್ದರೆ ಕೊನೆಯ ಮೌಖಿಕ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆ ಇಲ್ಲದಿದ್ದರೆ ಡಿಗ್ರಿ ಇಲ್ಲ. ಗೆಳೆಯರೆಲ್ಲ ಬೆಳಗಾವಿ, ಪುಣೆ ಎಂದು ಚೀಲ ಕಟ್ಟಿದರು. ಫೈಜಲ್ ತಾಯಿಯ ಕೈಸಾರು ಉಣ್ಣುತ್ತ ಯೋಚಿಸಿದ. ಲಾರಿ ರಿಪೇರಿ ಕೂಡ ಕೈಗಾರಿಕೆಯೇ ತಾನೆ? ಮುಖ್ಯಸ್ಥರು ಮನೆಯಲ್ಲೇ ಇದ್ದಾರೆ. ಸಹಿಗೆ ಪುಣೆಯವರೆಗೆ ಹೋಗುವುದು ಡೀಸೆಲ್ ದಂಡ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಅರ್ಜಿಯಲ್ಲಿ ಕಂಪನಿಯ ಹೆಸರು, ವಿಭಾಗಗಳು, ನೌಕರರ ಸಂಖ್ಯೆ ಎಂದು ಖಾನೆಗಳಿದ್ದವು. ಗ್ಯಾರೇಜಿನ ಬೋರ್ಡು ಎಂದರೆ ಹಳೆಯ ಲಾರಿಯ ಬಾಗಿಲು. ಅದರ ಮೇಲೆ 'ಅಖ್ತರ್ ಮಿಸ್ತ್ರಿ, ಬ್ರೇಕ್ ಕೆಲಸ' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಇದನ್ನು ಇದ್ದ ಹಾಗೆ ತುಂಬಲು ಫೈಜಲ್‌ಗೆ ಸಂಕೋಚವಾಯಿತು. ಅವನ ಗೆಳೆಯ ಶೋಯೆಬ್‌ಗೆ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇತ್ತು. ಮದುವೆ ಕಾರ್ಡಿನಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲವನ್ನೂ ಒಂದೇ ಗುಲಾಬಿ ಹೂವಿನ ಅಂಚಿನಲ್ಲಿ ಛಾಪಿಸುವ ಆ ಕಲಾವಿದ ಅರ್ಧ ಗಂಟೆಯಲ್ಲಿ ಲೆಟರ್‌ಹೆಡ್ ತಯಾರಿಸಿದ. 'ಅಖ್ತರ್ ಆಟೋಮೋಟಿವ್ ಸಿಸ್ಟಮ್ಸ್, ರಾಷ್ಟ್ರೀಯ ಹೆದ್ದಾರಿ, ಯಲ್ಲಾಪುರ. ಮ್ಯಾನೇಜಿಂಗ್ ಡೈರೆಕ್ಟರ್: ಶ್ರೀ ಅಖ್ತರ್.'

ವಿಭಾಗಗಳು ಮೂರಾದವು. ಲಾರಿ ನಿಲ್ಲಿಸುವ ಜಾಗ ಭಾರೀ ವಾಹನಗಳ ಬ್ರೇಕಿಂಗ್ ವಿಭಾಗವಾಯಿತು. ಹಿಂದುಗಡೆ ತುಕ್ಕು ಹಿಡಿದ ಸಾಮಾನು ರಾಶಿ ಬಿದ್ದಲ್ಲಿ ಹೆಲ್ಪರ್ ಹುಚ್ಚಣ್ಣ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಹುಡುಕುತ್ತಿದ್ದುದರಿಂದ ಅದು ಸಂಶೋಧನಾ ವಿಭಾಗ. ಯಾರು ಎಷ್ಟು ಹೊತ್ತಿಗೆ ಉಣ್ಣಬೇಕು ಎಂದು ನಿರ್ಧರಿಸುವವಳು ಮೈಮೂನಾ. ಅದು ಮಾನವ ಸಂಪನ್ಮೂಲ. ನಿಜಕ್ಕೂ ಕೆಲಸ ಮಾಡುವವರು ಮಿಸ್ತ್ರಿ ಮತ್ತು ಸಿದ್ದಾಪುರ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದ ಹುಚ್ಚಣ್ಣ, ಇಬ್ಬರೇ. ಪಕ್ಕದ ಪಂಕ್ಚರ್ ಅಂಗಡಿ, ಎದುರಿನ ಚಹಾದಂಗಡಿ, ದಿನವೂ ಪೇಪರ್ ಓದಲು ಬಂದು ಕೂರುವ ಮುದುಕರು ಎಲ್ಲರನ್ನೂ ಸೇರಿಸಿ ನೌಕರರು ಹದಿನಾಲ್ಕು ಎಂದಾಯಿತು. ಬರೆದು ಮುಗಿಸಿದಾಗ ಸ್ವತಃ ಫೈಜಲ್‌ಗೇ ಆ ಕಂಪನಿಯಲ್ಲಿ ಕೆಲಸ ಸಿಕ್ಕರೆ ಚೆನ್ನಾಗಿತ್ತು ಅನ್ನಿಸಿತು.

ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು ಡಾಕ್ಟರ್ ಮಧುಕೇಶ್ವರ, ಬನವಾಸಿ ಕಡೆಯವರು. ಅರ್ಜಿ ನೋಡಿ ಅವರ ಮುಖ ಅರಳಿತು. ಮನೆ ಹತ್ತಿರವೇ ಇಂಥ ಕಾರ್ಖಾನೆ ಇಟ್ಟುಕೊಂಡು ತಾವು ಬೆಳಗಾವಿಗೆ ಪತ್ರ ಬರೆಯುತ್ತ ಕೂತಿದ್ದೆವಲ್ಲ ಎಂದು ಪೇಚಾಡಿಕೊಂಡರು. ಫೈಜಲ್ ವಿನಯದಿಂದ ತಲೆ ತಗ್ಗಿಸಿ ಹೊರಗೆ ಬಂದ. ಮುಂದಿನ ಐದು ವಾರ ಒಂಬತ್ತು ಗಂಟೆಗೆ ಏಳುವುದು, ಹನ್ನೊಂದಕ್ಕೆ ಗ್ಯಾರೇಜಿನಲ್ಲಿ ಒಂದು ಚಹಾ ಕುಡಿಯುವುದು, ಮತ್ತೆ ಮನೆಗೆ ಹೋಗಿ ಮಲಗುವುದು, ಹೀಗೆ ಇಂಟರ್ನ್‌ಶಿಪ್ ಸುಸೂತ್ರವಾಗಿ ನಡೆಯಿತು. ಮಗನಿಗೆ ರಜೆ ಎಂದು ಅಪ್ಪ ತಿಳಿದಿದ್ದರು.

ಐದನೆಯ ವಾರದ ಕೊನೆಗೆ ಫೈಜಲ್ ಛಾಪಿಸಿದ ಸರ್ಟಿಫಿಕೇಟನ್ನು ಅಪ್ಪನ ಮುಂದೆ ಇಟ್ಟು, ಇಲ್ಲೊಂದು ಸಹಿ ಬೇಕು ಎಂದ. ಅಖ್ತರ್ ಮಿಸ್ತ್ರಿಗೆ ಕನ್ನಡ, ಉರ್ದು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

"ಏನು ಬರೆದಿದೆ ಇದರಲ್ಲಿ?"

"ನಾನು ಆರು ವಾರ ನಿಮ್ಮ ಹತ್ತಿರ ಶ್ರದ್ಧೆಯಿಂದ ಬ್ರೇಕಿನ ಕೆಲಸ ಕಲಿತೆ ಅಂತ, ಅಬ್ಬಾ."

ಮಿಸ್ತ್ರಿ ಮಗನ ಅಂಗೈ ಹಿಡಿದು ತಿರುಗಿಸಿ ನೋಡಿದರು. ಮೊಬೈಲ್ ಹಿಡಿದು ಹಿಡಿದು ಕಿರುಬೆರಳಿನ ಮೇಲೆ ಬಿದ್ದ ಸಣ್ಣ ಗುಳಿಯನ್ನು ಬಿಟ್ಟರೆ ಅಲ್ಲಿ ದುಡಿಮೆಯ ಗುರುತೇ ಇರಲಿಲ್ಲ.

"ನಾನು ನೋಡದ ಕೆಲಸಕ್ಕೆ ಹೆಸರು ಹಾಕೋದಿಲ್ಲ ಬೇಟಾ," ಎಂದು ಕಾಗದವನ್ನು ಮಡಚಿ ಅವನ ಕಿಸೆಗೇ ಇಟ್ಟರು.

ಇಲ್ಲಿ ಅಖ್ತರ್ ಮಿಸ್ತ್ರಿಯ ಗ್ಯಾರೇಜಿನ ಕಾನೂನನ್ನು ಹೇಳಬೇಕು. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟದಲ್ಲಿ ಬ್ರೇಕು ಕೈಕೊಟ್ಟರೆ ಏನಾಗುತ್ತದೆ ಎಂದು ಯಾವ ಡ್ರೈವರನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮಿಸ್ತ್ರಿಯ ಗ್ಯಾರೇಜಿನಿಂದ ಹೊರಡುವ ಪ್ರತಿ ಲಾರಿಯೂ ಮೊದಲು ಆ ಘಟ್ಟ ಇಳಿದು ಹತ್ತಿ ಬರಬೇಕು. ಬ್ರೇಕಿನ ನಟ್ಟು ಬಿಗಿದವನು ಲಾರಿಯೊಳಗೆ ಕೂತಿರಲೇಬೇಕು. ಈ ಕಾನೂನಿನ ದೆಸೆಯಿಂದ ಎಷ್ಟೋ ಹೆಲ್ಪರುಗಳು ತಮಗೆ ಹೋಟೆಲ್ ಕೆಲಸವೇ ಹೆಚ್ಚು ಒಗ್ಗುತ್ತದೆ ಎಂದು ಕಂಡುಕೊಂಡರು. ಹುಚ್ಚಣ್ಣ ಒಬ್ಬ ಉಳಿದ.

ಸಹಿ ಸಿಗಲಿಲ್ಲ ಎಂಬ ಸುದ್ದಿ ಓಣಿಗೆ ಹಬ್ಬಿತು. ಸ್ವಂತ ಮಗನನ್ನೇ ಫೇಲು ಮಾಡಿದ ಅಪ್ಪನನ್ನು ನೋಡಲು ಜನ ಗ್ಯಾರೇಜಿಗೆ ಬರತೊಡಗಿದರು. ಪೇಪರ್ ಓದುವ ಮುದುಕರು, ಇಡೀ ದೇಶವೇ ಸಹಿಯ ಮೇಲೆ ನಿಂತಿದೆ, ನೀವೊಬ್ಬರು ಹಾಕದಿದ್ದರೆ ಅದೇನು ನೆಟ್ಟಗಾಗುತ್ತದೆಯೇ ಎಂದು ತರ್ಕ ಹೂಡಿದರು. ಮೈಮೂನಾಳ ತಮ್ಮ ಮುಂಡಗೋಡದಿಂದ ಬಂದು, ತಾನು ಆಡು ಸಾಕದೆಯೇ ಆಡು ಸಾಕಣೆಯ ತರಬೇತಿ ಸರ್ಟಿಫಿಕೇಟು ಪಡೆದಿದ್ದನ್ನು ಉದಾಹರಣೆಯಾಗಿ ಕೊಟ್ಟ. ಮೈಮೂನಾ ಎರಡು ದಿನ ಗಂಡನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಮಿಸ್ತ್ರಿ ಅದನ್ನೇ ಕುಡಿದು ಚೆನ್ನಾಗಿದೆ ಎಂದರು. ಕಾಲೇಜಿಗೆ ಹೋಗುವ ಮಗಳು ನಾಜಿಯಾ ಮಾತ್ರ ಅಪ್ಪ ಹೇಳುವುದು ಸರಿ ಎಂದಳು. ಅಣ್ಣ ನೆಲಕ್ಕೆ ಬೀಳುವುದನ್ನು ನೋಡುವ ಅವಕಾಶವನ್ನು ಅವಳು ಯಾವತ್ತೂ ಬಿಟ್ಟವಳಲ್ಲ.

ಕೊನೆಗೆ ಮಿಸ್ತ್ರಿಯೇ ದಾರಿ ಹೇಳಿದರು. ಬನವಾಸಿಯಿಂದ ಮಂಗಳೂರಿಗೆ ಅನಾನಸ್ ಸಾಗಿಸುವ ಬಸಪ್ಪನ ಲಾರಿ ಸೋಮವಾರ ಬ್ರೇಕು ಮಾಡಿಸಲು ಬರುತ್ತದೆ. ಎಲ್ಲ ಚಕ್ರಗಳ ಬ್ರೇಕಿನ ಕೆಲಸವನ್ನೂ ಫೈಜಲ್ ಒಬ್ಬನೇ ಮಾಡಬೇಕು. ಹುಚ್ಚಣ್ಣ ಬಾಯಲ್ಲಿ ಹೇಳಬಹುದು, ಕೈ ಹಾಕುವಂತಿಲ್ಲ. ಬುಧವಾರ ಘಟ್ಟ ಇಳಿದು ಹತ್ತಿ ಬಂದರೆ ಸಹಿ. ಶನಿವಾರ ಸರ್ಟಿಫಿಕೇಟು ಕೊಡಲು ಕೊನೆಯ ದಿನವಾದ್ದರಿಂದ ಫೈಜಲ್ ಒಪ್ಪಿಕೊಂಡ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎಂಜಿನಿಯರ್ ಮಹಾಶಯ ಲಾರಿಯ ಕೆಳಗೆ ಹೋದ. ಹುಚ್ಚಣ್ಣ ಸ್ಟೂಲಿನ ಮೇಲೆ ಕೂತು ಎಲೆಅಡಿಕೆಯ ಕವಳ ಹಾಕಿಕೊಂಡು ಬೋಧನೆ ಶುರುಮಾಡಿದ. ಮೊದಲ ನಟ್ಟಿನ ಮೇಲೆ ಫೈಜಲ್ ಪಾನಾ ಹಾಕಿ ಅದರ ಮೇಲೆ ಹತ್ತಿ ನಿಂತು ಕುಣಿದಾಗ ಹುಚ್ಚಣ್ಣ ಉಗುಳಿ ಬಂದು ಹೇಳಿದ, "ಎಂತದು ಮಾರಾಯ, ನಾಲ್ಕು ವರ್ಷ ಓದಿ ಬಿಗಿ ಮಾಡ್ತಾ ಇದ್ಯಲ. ಬಿಚ್ಚೂದು ಆ ಕಡಿಗೆ." ಮಧ್ಯಾಹ್ನದ ಹೊತ್ತಿಗೆ ಒಂದು ಚಕ್ರ ಬಿಚ್ಚಿತು. ಸಂಜೆಗೆ ಮೈಮೂನಾ ಮಗನನ್ನು ಗುರುತು ಹಿಡಿಯಲಾಗದೆ, ಯಾರಪ್ಪಾ ನೀನು, ಮಿಸ್ತ್ರಿ ಗ್ಯಾರೇಜಿನಲ್ಲಿದ್ದಾರೆ ಎಂದು ಬಾಗಿಲಿನಿಂದಲೇ ಕಳಿಸಿಬಿಟ್ಟಳು.

ಅದೇ ದಿನ ವಿಶ್ವವಿದ್ಯಾಲಯದ ಮುದ್ರೆ ಇದ್ದ ದಪ್ಪ ಲಕೋಟೆಯೊಂದು ಊರಿಗೆ ಬಂತು. ಪೋಸ್ಟ್‌ಮನ್ ಅಖ್ತರ್ ಆಟೋಮೋಟಿವ್ ಸಿಸ್ಟಮ್ಸ್ ಎಲ್ಲಿದೆ ಎಂದು ಇಡೀ ರಸ್ತೆ ಕೇಳಿದ. ಹೀಗೆ ಲಕೋಟೆ ಮಿಸ್ತ್ರಿಯ ಕೈ ಸೇರುವ ಮುಂಚೆ ಪವನ್ ಕೈ ಸೇರಿತು. ಪವನ್ ಎಂದರೆ ಮುಂದಿನ ಪಟ್ಟಣ ಪಂಚಾಯತಿ ಚುನಾವಣೆಗೆ ನಿಲ್ಲುವ ಹುಮ್ಮಸ್ಸಿನಲ್ಲಿದ್ದ ತರುಣ. ವಾರ್ಡಿನಲ್ಲಿ ಯಾರ ಮಗು ಮೊದಲ ಹಲ್ಲು ಹುಟ್ಟಿಸಿದರೂ ಅಭಿನಂದಿಸಿ ಫ್ಲೆಕ್ಸ್ ಕಟ್ಟುವವನು. ಸಾರ್ವಜನಿಕ ಸೇವೆಯ ದೃಷ್ಟಿಯಿಂದ ಅವನು ಲಕೋಟೆ ಒಡೆದು ಓದಿ, ಕಾಗದವನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಬುಧವಾರ ಹನ್ನೊಂದಕ್ಕೆ ಡಾಕ್ಟರ್ ಮಧುಕೇಶ್ವರರೂ ಅಧ್ಯಾಪಕರೂ ಬರುತ್ತಾರೆ, ಶ್ರೀ ಅಖ್ತರ್ ಅವರನ್ನು ಶಾಲು ಹೊದಿಸಿ ಸನ್ಮಾನಿಸಿ, ಅವರ ಸಂಸ್ಥೆಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕುತ್ತಾರೆ ಎಂದಿತ್ತು.

ಪವನ್ ತಲೆ ಚುರುಕಾಗಿ ಓಡಿತು. ಹಾಲಿನ ಸಂಘ ಶಾಲು ಹೊದಿಸಿದರೆ ಅದು ಬರೀ ಶಾಲು. ವಿಶ್ವವಿದ್ಯಾಲಯವೇ ಮನೆ ಬಾಗಿಲಿಗೆ ಬಂದು ಶಾಲು ಹೊದಿಸುತ್ತದೆ ಎಂದರೆ ಅದು ಡಾಕ್ಟರೇಟಲ್ಲದೆ ಮತ್ತೇನು? ಗ್ಯಾರೇಜಿಗೆ ಅಷ್ಟುದ್ದದ ಹೆಸರು ಯಾಕೆ ಎಂದು ಯಾರೋ ಕೇಳಿದ್ದಕ್ಕೆ, ಡಾಕ್ಟರೇಟ್ ಕೊಡುವ ಕಾಗದದಲ್ಲಿ ಗ್ಯಾರೇಜು ಎಂದು ಬರೆಯಲು ಅವರಿಗೇನು ಮರ್ಯಾದೆ ಇಲ್ಲವೇ ಎಂದ. ಮಂಗಳವಾರ ಬೆಳಗಾಗುವಷ್ಟರಲ್ಲಿ ಹೆದ್ದಾರಿಯ ಎರಡೂ ಕಡೆ ಫ್ಲೆಕ್ಸ್ ಎದ್ದಿತು. 'ಗೌರವ ಡಾಕ್ಟರೇಟ್ ಪಡೆಯುತ್ತಿರುವ ನಮ್ಮೂರ ಹೆಮ್ಮೆಯ ಡಾ. ಅಖ್ತರ್ ಮಿಸ್ತ್ರಿ ಅವರಿಗೆ ಹಾರ್ದಿಕ ಅಭಿನಂದನೆಗಳು.' ಮತದಾರರ ಚೀಟಿಯಿಂದ ಎತ್ತಿದ ಮಿಸ್ತ್ರಿಯ ಮುಖ ಸ್ವಲ್ಪ ಹೆದರಿದಂತೆ ಕಾಣುತ್ತಿತ್ತು. ಅದರ ಮೂರು ಪಟ್ಟು ದೊಡ್ಡದಾಗಿ ಪವನ್ ಮುಖ ಕೈಮುಗಿದು ನಗುತ್ತಿತ್ತು.

ಫೈಜಲ್ ಲಾರಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಫ್ಲೆಕ್ಸ್ ಓದಿದ, ಮತ್ತೆ ತಲೆ ಒಳಗೆ ಎಳೆದುಕೊಂಡ. ಇದು ಡಾಕ್ಟರೇಟಲ್ಲ ಎಂದು ಹೇಳಬೇಕಾದರೆ ಏನೆಂದು ಹೇಳಬೇಕು. ಏನೆಂದು ಹೇಳಬೇಕಾದರೆ ಲೆಟರ್‌ಹೆಡ್ಡಿನ ಕಥೆ ಹೇಳಬೇಕು. ಅದನ್ನು ಕೇಳಿದರೆ ಅಪ್ಪ ಸಹಿ ಹಾಕುವ ಪೆನ್ನನ್ನೇ ಎಸೆಯುತ್ತಾರೆ. ಲಾರಿಯ ಕೆಳಗೇ ಉಳಿಯುವುದು ಎಲ್ಲ ದೃಷ್ಟಿಯಿಂದಲೂ ಒಳ್ಳೆಯದು ಎಂದು ಅವನಿಗೆ ತೋರಿತು. ಅವನು ಆ ದಿನ ಮಾಡಿದಷ್ಟು ಕೆಲಸವನ್ನು ಜನ್ಮದಲ್ಲಿ ಮಾಡಿರಲಿಲ್ಲ.

ಅಖ್ತರ್ ಮಿಸ್ತ್ರಿ ಮೊದಲು ಇದು ಬೇರೆ ಯಾರೋ ಅಖ್ತರ್ ಇರಬೇಕು ಎಂದರು. ಫೋಟೋ ತೋರಿಸಿದಾಗ ಹತ್ತಿರ ಹೋಗಿ ನೋಡಿ ತಮ್ಮದೇ ಮುಖ ಎಂದು ಒಪ್ಪಿಕೊಂಡರು. ಫ್ಲೆಕ್ಸ್ ಇಳಿಸು ಎಂದು ಪವನ್‌ಗೆ ಹೇಳಿದ್ದಕ್ಕೆ, ಅದು ವಿಶ್ವವಿದ್ಯಾಲಯಕ್ಕೆ ಅವಮಾನವಾಗುತ್ತದೆ ಎಂದು ಅವನು ಕೇಳಲಿಲ್ಲ. ದಿನವಿಡೀ ಜನ ಬಂದು ಕೈಕುಲುಕಿದರು. ಗ್ಯಾರೇಜಿನ ಮುಂದೆ ಹಾದುಹೋಗುವ ಲಾರಿಗಳು ಹಾರನ್ ಹೊಡೆದು ಹೋದವು. ಮೂವತ್ತೊಂದು ವರ್ಷ ಚಕ್ರದ ಸಂದಿಯಲ್ಲಿ ಕೂತು ಕೆಲಸ ಮಾಡಿದ ಮನುಷ್ಯ. ಬುಧವಾರ ಬೆಳಿಗ್ಗೆ ಅವರು ಈದ್‌ಗೆ ಹೊಲಿಸಿದ್ದ ಬಿಳಿ ಅಂಗಿ ತೊಟ್ಟು, ಅದು ಸರಿಯಾಗಿದೆಯೇ ಎಂದು ನಾಜಿಯಾಳನ್ನು ಮೆತ್ತಗೆ ಕೇಳಿದರು. ಅದನ್ನು ಕೇಳಿಸಿಕೊಂಡ ಫೈಜಲ್ ಬೆಳಗಿನ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಮಧುಕೇಶ್ವರ ಸರ್ ಇಬ್ಬರು ಅಧ್ಯಾಪಕರೊಂದಿಗೆ ಕಾರಿನಲ್ಲಿ ಬಂದರು. ಕಾರ್ಖಾನೆ ಹುಡುಕುತ್ತ ಗ್ಯಾರೇಜನ್ನು ಮೂರು ಸಲ ದಾಟಿ ಹೋದರು. ನಾಲ್ಕನೆಯ ಸಲ ಪವನ್ ಬ್ಯಾಂಡಿನವರೊಂದಿಗೆ ರಸ್ತೆಗೆ ಅಡ್ಡ ನಿಂತು ಅವರನ್ನು ಇಳಿಸಿಕೊಂಡ. ಕೊರಳಿಗೆ ಎರಡು ಹಾರ ಬಿದ್ದ ಮೇಲೆ ಸರ್ ತಲೆ ಎತ್ತಿ ಫ್ಲೆಕ್ಸ್ ಓದಿದರು. ತಮ್ಮ ವಿಶ್ವವಿದ್ಯಾಲಯ ತಮಗೆ ತಿಳಿಸದೆ ಡಾಕ್ಟರೇಟ್ ಕೊಟ್ಟುಬಿಟ್ಟಿತೇ ಎಂಬ ಅನುಮಾನದಿಂದ ಕುಲಸಚಿವರಿಗೆ ಫೋನ್ ಹಚ್ಚಿದರು. ಅವರು ಮೀಟಿಂಗಿನಲ್ಲಿದ್ದರು. ಬ್ಯಾಂಡು ನಿಂತ ಮೇಲೆ ಸರ್ ಗ್ಯಾರೇಜಿನ ತಗಡಿನ ಕೆಳಗೆ ಸುತ್ತ ನೋಡಿ, "ಕಂಪನಿ ಎಲ್ಲಿ ಐತ್ರಿ?" ಎಂದು ಕೇಳಿದರು.

ಸರ್ ಚೀಲದಿಂದ ಲೆಟರ್‌ಹೆಡ್ ಸಮೇತ ಅರ್ಜಿಯನ್ನು ತೆಗೆದು ಮಿಸ್ತ್ರಿಯ ಕೈಗೆ ಕೊಟ್ಟರು. ಅವರು ನಾಜಿಯಾಳಿಗೆ ಕೊಟ್ಟು ಕನ್ನಡದಲ್ಲಿ ಓದಲು ಹೇಳಿದರು. ಇಂಥ ಸಂದರ್ಭದಲ್ಲಿ ಅವಳ ದನಿ ತಾನಾಗಿಯೇ ದೊಡ್ಡದಾಗುತ್ತದೆ. ಬ್ರೇಕಿಂಗ್ ವಿಭಾಗ, ಸಂಶೋಧನಾ ವಿಭಾಗ, ಮಾನವ ಸಂಪನ್ಮೂಲ, ಹದಿನಾಲ್ಕು ನೌಕರರು ಎಂದು ಅವಳು ಓದುತ್ತ ಹೋದಂತೆ ಓಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವು ಇಷ್ಟು ದಿನ ಪುಕ್ಕಟೆ ಪೇಪರ್ ಓದುತ್ತಿದ್ದುದು ನೌಕರಿಯಾಗಿತ್ತೆಂದು ತಿಳಿದು ಮುದುಕರೊಬ್ಬರು ನೆಟ್ಟಗೆ ಕೂತರು. ಪವನ್ ನಿಧಾನವಾಗಿ ಬ್ಯಾಂಡಿನವರ ಹಿಂದೆ ಸರಿದ.

ಅಖ್ತರ್ ಮಿಸ್ತ್ರಿ ಕಾಗದ ಮಡಚಿದರು. ಬಿಳಿ ಅಂಗಿಯ ತೋಳನ್ನು ಮೊಣಕೈವರೆಗೆ ಮೇಲೇರಿಸಿದರು. ಮಗನನ್ನು ಬೈಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಫೈಜಲ್‌ಗೆ ನಿಜವಾಗಿ ನಾಚಿಕೆಯಾಯಿತು. ನಾಲ್ಕು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದುಕೊಂಡ.

"ಸರ್, ಇಷ್ಟು ದೊಡ್ಡ ಕಂಪನಿ ನಂಗೆ ಗೊತ್ತಿಲ್ಲ," ಎಂದರು ಮಿಸ್ತ್ರಿ. "ಇಲ್ಲಿ ಒಂದು ಲಾರಿ ಉಂಟು. ಅದರ ಬ್ರೇಕು ನಿಮ್ಮ ಹುಡುಗ ಮಾಡಿದ್ದಾನೆ. ಅವನಿಗೆ ಬ್ರೇಕಿನ ಪಾಠ ಹೇಳಿದ್ದು ಯಾರು?"

ಜನರ ಮುಂದೆ ಸರ್ ಎದೆ ಸ್ವಲ್ಪ ಮುಂದೆ ಬಂತು. "ನಾನಽ ಹೇಳೇನ್ರಿ. ನೂರಕ್ಕ ಎಂಬತ್ತೆಂಟು ಮಾರ್ಕ್ಸ್ ಕೊಟ್ಟೇನಿ."

"ಹಾಗಾದ್ರೆ ಹತ್ತಿ ಸರ್. ಬಿಗಿ ಮಾಡಿದವನೂ ಕೂರ್ಬೇಕು, ಕಲಿಸಿದವರೂ ಕೂರ್ಬೇಕು. ಘಟ್ಟ ಇಳಿದು ಬರುವಾ."

ಸರ್ ಮೊದಲು ನಕ್ಕರು. ಯಾರೂ ಜೊತೆಗೆ ನಗದಿದ್ದಾಗ ಮಧ್ಯಾಹ್ನ ಒಂದು ಮೀಟಿಂಗ್ ಇದೆ ಎಂದರು. ಜೊತೆಗಿದ್ದ ಇಬ್ಬರು ಅಧ್ಯಾಪಕರು, ಮೀಟಿಂಗ್ ತಾವು ನೋಡಿಕೊಳ್ಳುತ್ತೇವೆ, ಸರ್ ನಿಶ್ಚಿಂತೆಯಿಂದ ಹೋಗಿಬರಲಿ ಎಂದು ಒಕ್ಕೊರಲಿನಿಂದ ಹೇಳಿದರು. ವರ್ಷಗಟ್ಟಲೆ ಅವರ ಕೈಕೆಳಗೆ ದುಡಿದವರಿಗೆ ಇಂಥ ದಿನ ಮತ್ತೆ ಬರುವುದಿಲ್ಲ. ಅಷ್ಟರಲ್ಲಿ ಲಾರಿಯ ಮಾಲೀಕ ಬಸಪ್ಪ ಮುಂದೆ ಬಂದು, ಬ್ರೇಕು ಮಾಡಿದವನು ಯಾರೆಂದು ಈಗ ತಿಳಿಯಿತು, ಮೊದಲು ತನ್ನ ಅನಾನಸ್ ಇಳಿಸಿಕೊಡಿ ಎಂದು ಪಟ್ಟು ಹಿಡಿದ. ಅದರ ಬದಲು ಅಷ್ಟೇ ತೂಕದ ಮರಳಿನ ಚೀಲ ಹೇರಿದರು. ಹಣ್ಣಿಗೆ ಸಿಕ್ಕ ಮರ್ಯಾದೆ ತಮಗೆ ಸಿಗಲಿಲ್ಲವಲ್ಲ ಎಂದು ಯೋಚಿಸುತ್ತ ಮಧುಕೇಶ್ವರ ಸರ್ ಹಾರ ಸಮೇತ ಕ್ಯಾಬಿನ್ ಹತ್ತಿದರು.

ಮಿಸ್ತ್ರಿ ಸ್ಟೇರಿಂಗ್ ಹಿಡಿದರು. ನಡುವೆ ಫೈಜಲ್, ಕಿಟಕಿಗೆ ಸರ್. ಊರು ದಾಟುವವರೆಗೆ ಸರ್ ಬ್ರೇಕಿನ ಸಿದ್ಧಾಂತದ ಬಗ್ಗೆ ಮಾತಾಡಿದರು. ಆಮೇಲೆ ಬನವಾಸಿಯ ಮಧುಕೇಶ್ವರ ದೇವರ ಹೆಸರು ಮಾತ್ರ ಕೇಳಿಬರುತ್ತಿತ್ತು. ಇಡಗುಂದಿ ದಾಟಿತು. ಘಟ್ಟ ಶುರುವಾಗುವುದಕ್ಕೆ ಮೊದಲು ರಸ್ತೆ ಪಕ್ಕ ಲಾರಿ ನಿಲ್ಲಿಸುವ ಸಮತಟ್ಟು ಜಾಗವಿದೆ. ಅದು ಹತ್ತಿರವಾದಂತೆ ಫೈಜಲ್ ಮನಸ್ಸಿನಲ್ಲಿ ಒಂದೊಂದೇ ಚಕ್ರವನ್ನು ಬಿಚ್ಚಿ ಜೋಡಿಸುತ್ತ ಬಂದ. ಮುಂದಿನ ಎರಡು ಸರಿ. ಹಿಂದಿನ ಬಲಗಡೆ ಸರಿ. ಹಿಂದಿನ ಎಡಗಡೆಗೆ ಬಂದಾಗ ಜೋಡಣೆ ಅರ್ಧಕ್ಕೆ ನಿಂತಿತು. ಫ್ಲೆಕ್ಸ್ ನೋಡಿ ತಲೆ ಒಳಗೆ ಎಳೆದುಕೊಂಡಿದ್ದು ಆ ಚಕ್ರದ ಕೆಲಸದ ನಡುವೆ. ಒಳಗಿನ ಪಿನ್ ಹಾಕಿದೆನೋ ಇಲ್ಲವೋ? ಹಾಕಿದ ನೆನಪೂ ಇಲ್ಲ, ಹಾಕದ ನೆನಪೂ ಇಲ್ಲ. ಬಾಯಿ ಬಿಟ್ಟರೆ ಸಹಿ ಹೋಯಿತು, ಡಿಗ್ರಿ ಹೋಯಿತು.

"ಅಬ್ಬಾ, ನಿಲ್ಸಿ. ಹಿಂದಿನ ಎಡಗಡೆ ಪಿನ್ ಹಾಕಿದ್ದು ನಂಗೆ ಖಾತ್ರಿ ಇಲ್ಲ."

ಲಾರಿ ಮೆತ್ತಗೆ ನಿಂತಿತು. ಮಿಸ್ತ್ರಿ ಇಳಿದು, ಗಾಲಿಗಳಿಗೆ ಕಲ್ಲು ಕೊಟ್ಟು, ಹತ್ತಿರದ ಮರದ ನೆರಳಿನಲ್ಲಿ ಕೂತರು. ಫೈಜಲ್ ಜಾಕಿ ಹಾಕಿದ. ಪಾನಾ ಕೊಡಲು ಹುಚ್ಚಣ್ಣ ಇರಲಿಲ್ಲ. ಪ್ರಾಣ ಉಳಿದ ಸಂತೋಷದಲ್ಲಿ ಮಧುಕೇಶ್ವರ ಸರ್ ತಾವೇ ಆ ಕೆಲಸಕ್ಕೆ ನಿಂತರು. ಮೊದಲ ಮೂರು ಸಲ ಕೇಳಿದ್ದನ್ನು ಬಿಟ್ಟು ಬೇರೆ ಕೊಟ್ಟರು. ನಾಲ್ಕನೆಯ ಸಲ ಸರಿಯಾದದ್ದು ಕೊಟ್ಟು, ಯಾರಾದರೂ ನೋಡಿದರೇ ಎಂದು ಹಿಂದೆ ತಿರುಗಿದರು. ಡ್ರಮ್ಮು ಎಳೆಯುವಾಗ ಇಬ್ಬರೂ ಅಂಗಾತ ಬಿದ್ದರು. ಹಾರದ ಚೆಂಡು ಹೂವುಗಳಿಗೆ ಗ್ರೀಸು ಹತ್ತಿತು. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬಿಡಿಸಿದ್ದ ಬ್ರೇಕನ್ನು ಸರ್ ಈಗ ಮೊದಲ ಸಲ ಕೈಯಲ್ಲಿ ಮುಟ್ಟಿದರು. ಇದು ಇಷ್ಟು ಭಾರ ಇರುತ್ತದೆಯೇ ಎಂದು ಫೈಜಲ್‌ನನ್ನು ಕೇಳಿದರು.

ಪಿನ್ ಅದರ ಜಾಗದಲ್ಲೇ ಇತ್ತು. ಕಾಲು ಮಡಚಿಕೊಂಡು ನೆಟ್ಟಗೆ ಕೂತಿತ್ತು. ಫೈಜಲ್ ಅದನ್ನು ಬಹಳ ಹೊತ್ತು ನೋಡಿದ. ಮತ್ತೆ ಎಲ್ಲವನ್ನೂ ಜೋಡಿಸುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಮರದ ಕೆಳಗಿನಿಂದ ಮಿಸ್ತ್ರಿ ಎದ್ದು ಬಂದು, ಬೆಳಿಗ್ಗೆ ಫಜ್ರ್ ನಮಾಜು ಮುಗಿಸಿ ಎಲ್ಲ ಚಕ್ರವನ್ನೂ ತಾವೇ ಬಿಚ್ಚಿ ನೋಡಿದ್ದಾಗಿ ಹೇಳಿದರು.

ಸರ್‌ಗೆ ಸಿಟ್ಟು ಬಂತು. "ಪಿನ್ ಇರೂದು ನಿಮಗ ಗೊತ್ತಿತ್ತು? ಮತ್ತ ಬಿಸಿಲಾಗ ನಮ್ಮ ಕಡಿಂದ ಒಂದೂವರಿ ತಾಸು ಯಾಕ ಬಿಚ್ಚಿಸಿದ್ರಿ?"

"ನಂಗೆ ಗೊತ್ತಿತ್ತು ಸರ್. ಅವನಿಗೆ ಗೊತ್ತಿರ್ಲಿಲ್ಲ ಅಲ್ವಾ?"

ಘಟ್ಟ ಇಳಿದರು, ಹತ್ತಿದರು. ಹೇಳುವಂಥದ್ದೇನೂ ನಡೆಯಲಿಲ್ಲ. ಬ್ರೇಕಿನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಗ್ಯಾರೇಜಿನಲ್ಲಿ ಓಣಿಗೆ ಓಣಿಯೇ ಕಾದಿತ್ತು. ಮೈಮೂನಾ ಮಗನನ್ನೂ ಸರ್ ಅವರನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಕೈ ತೊಳೆಸಿ ಕೂರಿಸಿದಳು. ಮಿಸ್ತ್ರಿ ಸರ್ಟಿಫಿಕೇಟನ್ನು ತರಿಸಿಕೊಂಡರು. ನಾಜಿಯಾಳಿಂದ ಆರು ವಾರ ಎಂದು ಎಲ್ಲಿದೆ ಕೇಳಿ, ಅದರ ಮೇಲೆ ಗೀಟು ಎಳೆದು, 'ಮೂರು ದಿನ, ಒಂದು ಲಾರಿ, ಸರಿಯಾಗಿ ಮಾಡಿದ್ದಾನೆ' ಎಂದು ದುಂಡಗೆ ಕನ್ನಡದಲ್ಲಿ ಬರೆದು ಸಹಿ ಹಾಕಿದರು. ಕಂಪನಿಯ ಹೆಸರನ್ನೂ ಹೊಡೆದುಹಾಕಿ 'ಬ್ರೇಕ್ ಕೆಲಸ' ಎಂದು ಬರೆದರು. ಓಣಿಯವರು ಚಪ್ಪಾಳೆ ತಟ್ಟಿದರು.

ಮಧುಕೇಶ್ವರ ಸರ್ ಅದನ್ನು ಎರಡು ಸಲ ಓದಿದರು. ಆಮೇಲೆ ಬಹಳ ದುಃಖದಿಂದ ಹೇಳಿದರು, "ಇಪ್ಪತ್ತು ವರ್ಷದ ನೌಕರಿಯೊಳಗ ನನ್ನ ಟೇಬಲ್ ಮ್ಯಾಲೆ ಬಂದ ಒಂದಽ ಒಂದು ನಿಜವಾದ ಸರ್ಟಿಫಿಕೇಟ್ ಇದುರಿ. ಹಂಗಾಗಿ ಇದನ್ನ ತಗೊಳ್ಳಾಕ ಬರೂದಿಲ್ಲ."

ನಿಯಮ ಆರು ವಾರ ಎನ್ನುತ್ತದೆ, ಮೂರು ದಿನಕ್ಕೆ ಖಾನೆಯೇ ಇಲ್ಲ. ಉಳಿದವರೆಲ್ಲ ಆರು ವಾರ ಎಂದು ಸುಳ್ಳು ಬರೆಸಿಕೊಂಡು ಬಂದಿದ್ದಾರೆ, ಅವರದೆಲ್ಲ ನಿಯಮದಂತೆ ಇದೆ. ಸರ್ ಕೈಲಾದದ್ದು ಇಷ್ಟೇ: ಮೌಖಿಕ ಪರೀಕ್ಷೆಯನ್ನು ಫೈಜಲ್‌ಗೆ ಮಾತ್ರ ಎರಡು ತಿಂಗಳು ಮುಂದೆ ಹಾಕಿಸಿಕೊಟ್ಟರು. ಒಪ್ಪಂದ, ಶಾಲು ಎರಡರ ಮಾತೂ ಯಾರೂ ಎತ್ತಲಿಲ್ಲ. ಪವನ್ ಕಟ್ಟಿಸಿದ್ದ ಫ್ಲೆಕ್ಸನ್ನು ಬಸಪ್ಪ ಅನಾನಸ್ ಮುಚ್ಚಲು ಕೇಳಿ ಪಡೆದ.

ಮರುದಿನ ಎಂಟು ಗಂಟೆಗೆ ಫೈಜಲ್ ಗ್ಯಾರೇಜಿಗೆ ಹೋದ. ಶುಕ್ರವಾರ ಬಿಟ್ಟು ವಾರಕ್ಕೆ ಆರು ದಿನದಂತೆ ಆರು ವಾರ ಹೋದ. ಮೊದಲ ವಾರ ಡೀಸೆಲಿನಲ್ಲಿ ಸಾಮಾನು ತೊಳೆದ, ಎರಡನೆಯ ವಾರ ಬೆರಳು ಜಜ್ಜಿಕೊಂಡ, ಮೂರನೆಯ ವಾರ ಹುಚ್ಚಣ್ಣ ಅವನಿಗೆ ಬೈಯುವುದನ್ನು ಕಡಿಮೆ ಮಾಡಿದ. ಒಂಬತ್ತು ಸಲ ಘಟ್ಟ ಇಳಿದು ಹತ್ತಿದ. ಕೊನೆಯ ದಿನ ಶೋಯೆಬ್‌ನಿಂದ ಹೊಸ ಸರ್ಟಿಫಿಕೇಟು ಛಾಪಿಸಿಕೊಂಡು ಬಂದಾಗ ಮಿಸ್ತ್ರಿ ಏನನ್ನೂ ಓದಿಸದೆ ಪೆನ್ನು ತೆಗೆದರು. ಮೈಮೂನಾ ಬಾಗಿಲಲ್ಲಿ ನಿಂತು ಅಲ್ಲಾಹನಿಗೆ ಶುಕ್ರ್ ಹೇಳಿದಳು.

ಫೈಜಲ್ ಅಪ್ಪನ ಕೈ ತಡೆದ. ನಾಲ್ಕನೆಯ ವಾರ ಸೋದರತ್ತೆಯ ಮಗಳು ಮುಸ್ಕಾನಳ ಮದುವೆಗೆಂದು ಶಿರಸಿಗೆ ಹೋಗಿ ಒಂದು ದಿನ ತಪ್ಪಿಸಿದ್ದು ಅವನಿಗೆ ನೆನಪಾಗಿತ್ತು. ಪೆನ್ನು ಇಸಿದುಕೊಂಡು 'ಆರು ವಾರ' ಎಂದಿದ್ದನ್ನು ಹೊಡೆದು 'ಐದು ವಾರ, ಐದು ದಿನ' ಎಂದು ಬರೆದು ಮತ್ತೆ ಅಪ್ಪನ ಮುಂದೆ ಇಟ್ಟ. ಅಖ್ತರ್ ಮಿಸ್ತ್ರಿ ಮಗನ ಮುಖವನ್ನು ಒಂದು ಸಲ ನೋಡಿ, ಯಾವ ಡಾಕ್ಟರೇಟಿಗೂ ತೋರಿಸದ ಹಿಗ್ಗನ್ನು ಮೀಸೆಯಲ್ಲೇ ಮುಚ್ಚಿಕೊಂಡು ಸಹಿ ಹಾಕಿದರು.

ವಿಶ್ವವಿದ್ಯಾಲಯ ಅದನ್ನು ನಿಯಮದ ಪ್ರಕಾರ ವಾಪಸು ಕಳಿಸಿತು. ಉಳಿದ ಆ ಒಂದು ದಿನದ ಕೆಲಸಕ್ಕೆ ಅಪ್ಪ ಮಗ ಇಬ್ಬರೂ ಬೆಳಿಗ್ಗೆ ಹೊರಟು ನಿಂತಾಗ ಮೈಮೂನಾ ಪಕ್ಕದ ಮನೆಯವಳಿಗೆ ಕೇಳುವಂತೆ, "ಇಷ್ಟು ದಿನ ಮನೆಯಲ್ಲಿ ಇಂಥವರು ಒಬ್ಬರೇ ಇದ್ರು, ಹೇಗೋ ಸಂಭಾಳಿಸ್ತಿದ್ದೆ," ಎಂದು ಹೇಳಿ, ಇಬ್ಬರ ಬುತ್ತಿಯನ್ನೂ ಕಟ್ಟಿಕೊಟ್ಟಳು.